ಮೃಗಶಿರಾ ಮಳೆಗೆ ನೆಡುವ ಬೇಸಿಗೆ ತೋಟ

ಎಲ್ಲರಿಗೂ ನಮಸ್ಕಾರ. ಬಿಸಿಲು ಸ್ವಲ್ಪ ಇಳಿಯಲಿ ಅಂತ ಕಾದು ಐದು ಗಂಟೆಗೆ ಶುರು ಮಾಡುತ್ತಿದ್ದೇವೆ. ಯುಗಾದಿಗೆ ಇನ್ನೂ ಒಂದು ವಾರ ಇದೆ, ಆಗಲೇ ಗೇಟಿನ ಕಬ್ಬಿಣ ಮುಟ್ಟೋಕೆ ಆಗುತ್ತಿಲ್ಲ. ಬಳ್ಳಾರಿಯ ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ನಾನು ಹೇಳಬೇಕಾಗಿಲ್ಲ.

ಒಳಗೆ ಬರುವಾಗ ಬಾಗಿಲಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಹೈಡ್ರೇಂಜಿಯಾ ಗಿಡ. ಅಂಗೈ ಅಗಲದ ಎಲೆ, ತಲೆ ತುಂಬ ನೀಲಿ ಹೂ. "ಮಡಿಕೇರಿಯಿಂದ ತಂದೆ ಮೇಡಂ, ಎಲ್ಲಿ ನೆಡಲಿ?" ಅಂತ ಕೇಳಿದರು. ಆಮೇಲೆ ಹೇಳ್ತೀನಿ ಅಂದೆ. ಇಲ್ಲೇ ಮೂರನೇ ಸಾಲಲ್ಲಿ ಕೂತಿದ್ದಾರೆ, ಗಿಡ ಕಾಲ ಹತ್ತಿರ ಇದೆ. ಅಮ್ಮಾ, ಮರೆತಿಲ್ಲ.

ಸಂಘದವರು ನನಗೆ ಕೊಟ್ಟ ವಿಷಯ, ಬೇಸಿಗೆಗೆ ಯಾವ ಗಿಡ ನೆಡಬೇಕು ಅಂತ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈಗ ಯಾವುದನ್ನೂ ನೆಡಬೇಡಿ. ಇದು ಗಿಡ ನೋಡುವ ಕಾಲ, ನೆಡುವ ಕಾಲ ಅಲ್ಲ. ಬೇಸಿಗೆ ತಡೆಯುವ ತೋಟವನ್ನು ಮೃಗಶಿರಾ ಮಳೆಗೆ ನೆಡಬೇಕು. ಜೂನ್‌ನಲ್ಲಿ ನೆಟ್ಟ ಗಿಡಕ್ಕೆ ಸೆಪ್ಟೆಂಬರ್‌ನ ಉತ್ತರೆ ಮಳೆ, ಹಸ್ತದ ಮಳೆ ಸಿಗುತ್ತದೆ. ನಮ್ಮಲ್ಲಿ ವರ್ಷಕ್ಕೆ ಬೀಳೋದೇ ಸುಮಾರು 500 ಮಿಲಿಮೀಟರ್, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್‌ ಆಸುಪಾಸಿನದು. ಆ ನೀರಿನ ಬೆನ್ನು ಹಿಡಿದು ಬೇರು ಕೆಳಗೆ ಇಳಿಯುತ್ತದೆ. ಮಾರ್ಚ್ ಬರುವ ಹೊತ್ತಿಗೆ ಗಿಡಕ್ಕೆ ಒಂಬತ್ತು ತಿಂಗಳು ತುಂಬಿರುತ್ತದೆ. ಈಗ ನೆಟ್ಟ ಗಿಡ ಎಷ್ಟೇ ಗಟ್ಟಿ ಜಾತಿಯದಾದರೂ ಎಳೆಗೂಸು. ಎಳೆಗೂಸನ್ನು ಬಿಸಿಲಲ್ಲಿ ಮಲಗಿಸುತ್ತೀವಾ?

ನಾನು ವಿಜ್ಞಾನದ ಮೇಷ್ಟ್ರು ಆಗಿದ್ದವಳು. ಬೇರು, ಕಾಂಡ, ಎಲೆ ಅಂತ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಈ ಮಾತು ನನ್ನ ಮನಸ್ಸಿಗೆ ಇಳಿದದ್ದು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಅದನ್ನು ನಿಧಾನವಾಗಿಯೇ ಹೇಳಬೇಕು.

ಒಂದು ಏಪ್ರಿಲ್‌ನಲ್ಲಿ ಮಗಳ ಬಾಣಂತನಕ್ಕೆ ಹೈದರಾಬಾದಿಗೆ ಹೋದೆ. ಅವಳೇ ತವರಿಗೆ ಬರಬೇಕಿತ್ತು, ಪ್ರಯಾಣ ಬೇಡ ಅಂದರು ಡಾಕ್ಟರು. ನಲವತ್ತೇಳು ದಿನ ಇದ್ದೆ. ಮನೆಯಲ್ಲಿ ಅರವತ್ತು ಕುಂಡ. ಪಕ್ಕದ ಮನೆ ಹುಡುಗನಿಗೆ ಬೀಗದ ಕೈ ಕೊಟ್ಟು, "ದಿನಾ ಒಂದೊಂದು ಚೊಂಬು ಹಾಕಪ್ಪ" ಅಂದಿದ್ದೆ. ಪಾಪ, ಒಂದು ದಿನವೂ ತಪ್ಪಿಸದೆ ಹಾಕಿದ. ಮೂರು ವಾರ ಆದ ಮೇಲೆ ಬೋರ್‌ವೆಲ್ ಬತ್ತಿತು. ಕುಡಿಯೋಕೇ ಟ್ಯಾಂಕರ್ ತರಿಸುವಾಗ ಗಿಡಕ್ಕೆ ಎಲ್ಲಿಂದ ಹಾಕ್ತಾನೆ? ಅವನ ತಪ್ಪು ಎಳ್ಳಷ್ಟೂ ಇಲ್ಲ.

ವಾಪಸ್ ಬಂದು ಗೇಟು ತೆಗೆದರೆ ಅಂಗಳದಲ್ಲಿ ತರಗೆಲೆಯ ವಾಸನೆ. ಗುಲಾಬಿ ಬರೀ ಕಡ್ಡಿ. ಫರ್ನ್ ಮುಟ್ಟಿದರೆ ಚಹಾ ಪುಡಿಯ ಹಾಗೆ ಉದುರಿತು. ಕ್ರೋಟನ್ ಎಲೆಗಳು ಕುಂಡದ ಸುತ್ತ ಬಿದ್ದಿದ್ದವು, ಬಣ್ಣ ಕೂಡ ಹೋಗಿರಲಿಲ್ಲ. ಬ್ಯಾಗ್ ಕೆಳಗಿಡದೆ ಹಾಗೇ ನಿಂತಿದ್ದೆ. ಆಗ ಕಂಡಿತು. ಒಗೆಯುವ ಕಲ್ಲಿನ ಸಂದಿಯಲ್ಲಿ ಒಂದು ಕಾಶಿ ಕಣಗಿಲೆ, ಐದು ಹೂ ಬಿಟ್ಟುಕೊಂಡು ನಿಂತಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದ ಮೇಲೆ ಬಟ್ಟೆ ಒಗೆದ ನೀರೂ ಬಿದ್ದಿರಲಿಲ್ಲ. ಅಲ್ಲಿಂದ ಎರಡು ಅಡಿ ದೂರದ ಕುಂಡದಲ್ಲಿ ಅದೇ ಕಾಶಿ ಕಣಗಿಲೆ ಒಣಗಿ ಹೋಗಿತ್ತು. ಕಲ್ಲಿನ ಸಂದಿಯದು ಈ ಕುಂಡದ ಗಿಡದಿಂದಲೇ ಸಿಡಿದ ಬೀಜ! ಅದೇ ಜಾತಿ, ಅದೇ ಮನೆ, ಅದೇ ಬಿಸಿಲು.

ಕುಂಡದ ಗಿಡ ಕಿತ್ತು ನೋಡಿದೆ. ಬೇರೆಲ್ಲ ಮೇಲಿನ ಮೂರು ಬೆರಳಿನ ಮಣ್ಣಿನಲ್ಲೇ ಸುತ್ತಿ ಸುತ್ತಿ, ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬೆಯ ಹಾಗೆ ಆಗಿತ್ತು. ದಿನಾ ಒಂದು ಚೊಂಬು ಅಂದಿದ್ದೆನಲ್ಲ, ಆ ನೀರು ನೆನೆಸಿದ್ದು ಅಷ್ಟೇ ಮಣ್ಣನ್ನು. ಕೆಳಗೆ ಹೋಗುವ ಅಗತ್ಯವೇ ಬೇರಿಗೆ ಬರಲಿಲ್ಲ. ಆಮೇಲೆ ಪೈಪ್ ಕೆಲಸಕ್ಕೆ ಒಗೆಯುವ ಕಲ್ಲು ಎತ್ತಿಸಿದಾಗ ಇನ್ನೊಂದರ ಬೇರೂ ನೋಡಿದೆ. ನೆಟ್ಟಗೆ ಇಳಿದು, ಒಂದು ಮೊಳ ದಾಟಿ ಹೋಗಿತ್ತು. ಕಲ್ಲಿನ ಅಡಿಯ ಮಣ್ಣು ಕೈಗೆ ತಣ್ಣಗೆ ಹತ್ತುತ್ತಿತ್ತು.

ಅವತ್ತಿನಿಂದ ಯಾರ ತೋಟಕ್ಕೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ. ಬೇರು ಎಲ್ಲಿದೆ? ಹೂವಿನ ಬಣ್ಣ ಆಮೇಲೆ ಕೇಳೋಣ. ನೆಟ್ಟ ಮೊದಲ ಒಂದೆರಡು ವಾರ ಸರಿಯಾಗಿ ನೀರು ಕೊಡಿ. ಆಮೇಲೆ ದಿನಾ ಚೊಂಬು ಬೇಡ. ಮಳೆ ಬಾರದಿದ್ದರೆ ವಾರಕ್ಕೊಮ್ಮೆ, ಬುಡದ ಸುತ್ತ ಪಾತಿ ಮಾಡಿ ಕೊಡಗಟ್ಟಲೆ ಹಾಕಿ, ನಿಧಾನವಾಗಿ ಇಂಗಲಿ. ನೀರು ಎಲ್ಲಿಗೆ ಹೋಗುತ್ತದೋ ಬೇರು ಅಲ್ಲಿಗೆ ಹೋಗುತ್ತದೆ.

ಸರಿ, ಗಿಡಗಳಿಗೆ ಬರುತ್ತೇನೆ. ಬರ ತಡೆಯುವ ಗಿಡ ಅಂದ ತಕ್ಷಣ ಯಾರಾದರೂ ನಮ್ಮೂರ ಹೆಸರು ಹೊತ್ತ ಬಳ್ಳಾರಿ ಜಾಲಿ ಅಂತಾರೆ. ನಿಜ, ಅದಕ್ಕಿಂತ ಗಟ್ಟಿ ಗಿಡ ಇಲ್ಲ. ಆದರೆ ಅದು ನಮ್ಮೂರದಲ್ಲ. ಅಮೆರಿಕ ಖಂಡದ ಗಿಡ, 19ನೇ ಶತಮಾನದ ಕೊನೆ ಭಾಗದಲ್ಲಿ ಸೌದೆಗೆ, ಬರಡು ಭೂಮಿ ಹಸಿರು ಮಾಡೋಕೆ ಅಂತ ಈ ದೇಶಕ್ಕೆ ತಂದರು. ಈಗ ಕೆರೆ ಅಂಗಳ, ಹೊಲದ ಬದು, ಹಳ್ಳ ಎಲ್ಲ ಅದರದೇ. ಸಿಹಿ ಕಾಯಿಯನ್ನು ಕುರಿ ಮೇಕೆ ತಿಂದು, ಹೋದಲ್ಲೆಲ್ಲ ಬೀಜ ಬಿತ್ತುತ್ತವೆ. ಹಾಗಾಗಿ ಬಾಳುವುದು ಒಂದೇ ಗುಣ ಸಾಕಾಗಲ್ಲ, ಪಕ್ಕದ ಗಿಡವನ್ನೂ ಬಾಳಲು ಬಿಡಬೇಕು. ಲಂಟಾನಾ ಹೂ ಚೆನ್ನಾಗಿದೆ ಅಂತ ಬೇಲಿಗೆ ಹಾಕುವವರಿಗೂ ಇದನ್ನೇ ಹೇಳುತ್ತೇನೆ.

ನನ್ನ ಕೇಳಿದರೆ ಮೊದಲ ಗಿಡ ತಂಗಡಿ. ಕೆಲವರು ಆವರಿಕೆ ಅಂತೀರಿ. ಸಂಡೂರು ಕಡೆ ಹೋಗುವಾಗ ರಸ್ತೆ ಬದಿಯಲ್ಲಿ ಅರಿಶಿನದ ಬಣ್ಣದ ಹೂ ಹೊತ್ತು ನಿಂತಿರುತ್ತದಲ್ಲ, ಅದೇ. ತೆಲಂಗಾಣದವರು ಅದನ್ನು ರಾಜ್ಯದ ಹೂ ಮಾಡಿಕೊಂಡಿದ್ದಾರೆ, ಬತುಕಮ್ಮ ಹಬ್ಬದಲ್ಲಿ ಪೇರಿಸುತ್ತಾರೆ. ಅದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಎದೆ ಎತ್ತರದ ಪೊದೆ, ವರ್ಷಕ್ಕೊಮ್ಮೆ ಸವರಿದರೆ ಅಂದವಾಗಿ ನಿಲ್ಲುತ್ತದೆ. ಆದರೂ ನರ್ಸರಿಯಲ್ಲಿ ಕೇಳಿ ನೋಡಿ, "ಅದು ಕಾಡು ಗಿಡ ಅಲ್ವಾ ಮೇಡಂ" ಅಂತಾರೆ. ಹೌದು, ಅದಕ್ಕೇ ಬೇಕು! ಇಲ್ಲಿನ ಬಿಸಿಲು ಅದಕ್ಕೆ ತವರುಮನೆ.

ಆಮೇಲೆ ಗೊರಟೆ. ಮುಳ್ಳು ಇರುತ್ತದೆ, ಬೇಲಿಗೆ ಒಳ್ಳೆಯದು. ದೇವಕಣಗಿಲೆಯದು ಬೇರೆ ಉಪಾಯ. ಒಣ ಕಾಲ ಬಂದರೆ ಎಲೆಯನ್ನೇ ಉದುರಿಸುತ್ತದೆ, ದಪ್ಪ ಕೊಂಬೆಯಲ್ಲಿ ನೀರು ಇಟ್ಟುಕೊಂಡು ಬರೀ ಕೊಂಬೆಯ ಮೇಲೆ ಹೂ ಬಿಡುತ್ತದೆ. ಗಿಡ ಸತ್ತಿತು ಅಂತ ಕಡಿಯಬೇಡಿ.

ಕಾಗದದ ಹೂವಿನ ಬಗ್ಗೆ ಎಲ್ಲರೂ ಕೇಳುವುದು, "ಎಲೆ ಸೊಂಪಾಗಿದೆ, ಹೂವೇ ಇಲ್ಲ ಯಾಕೆ?" ನೀರು ಜಾಸ್ತಿ ಆಯಿತು, ಅದಕ್ಕೆ. ಬೋಗನ್‌ವಿಲ್ಲಾಗೆ ತುಂಬ ಬಿಸಿಲು ಬೇಕು, ಸ್ವಲ್ಪ ಬಾಯಾರಿಕೆ ಬೇಕು. ಬುಡ ಒಣಗಲು ಬಿಡಿ, ಬಣ್ಣ ಬರುತ್ತದೆ. ಹತ್ತಿರ ಹೋಗಿ ನೋಡಿ, ನಾವು ಹೂ ಅನ್ನುವುದು ಬಣ್ಣ ಬಂದ ಎಲೆ. ನಿಜವಾದ ಹೂ ಅದರ ಮಧ್ಯೆ ಬೆಂಕಿಕಡ್ಡಿ ತಲೆಯಷ್ಟು ಬೆಳ್ಳಗೆ ಇರುತ್ತದೆ.

ಕಣಗಿಲೆಯನ್ನು ಹೆದ್ದಾರಿ ಮಧ್ಯದಲ್ಲಿ ಸುಮ್ನೆ ಹಾಕಿಲ್ಲ. ಅದರ ಎಲೆ ಬೆನ್ನಿನಲ್ಲಿ ಸಣ್ಣ ಗುಳಿಗಳಿವೆ, ಗುಳಿಯ ಒಳಗೆ ರೋಮ, ಆ ರೋಮದ ಮರೆಯಲ್ಲಿ ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತು. ಬಿಸಿಗಾಳಿ ನೇರವಾಗಿ ತಾಗುವುದಿಲ್ಲ, ನೀರು ಉಳಿಯುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗಿಡ ಪೂರ್ತಿ ವಿಷ. ಅಂಬೆಗಾಲಿಡುವ ಮಕ್ಕಳು, ಕಟ್ಟಿದ ದನ ಇರುವ ಮನೆಯಲ್ಲಿ ಬೇಡ. ಸವರಿದ ಕಡ್ಡಿ ಒಲೆಗೂ ಹಾಕಬೇಡಿ.

ಹೀಗೆ ಎಲೆ ನೋಡಿದರೆ ಸಾಕು, ಗಿಡ ಎಲ್ಲಿಯದು ಅಂತ ಅದೇ ಹೇಳುತ್ತದೆ. ಎಲೆ ಸಣ್ಣದಾ, ದಪ್ಪಾನಾ, ಮೇಣ ಸವರಿದ ಹಾಗಿದೆಯಾ, ಬೂದು ಬಣ್ಣದ ರೋಮ ಇದೆಯಾ? ಹಾಗಿದ್ದರೆ ಬಿಸಿಲಿಗೆ ಸಿದ್ಧವಾದ ಗಿಡ. ಲೋಳೆಸರ, ಭೂತಾಳೆ, ಪಾಪಾಸುಕಳ್ಳಿ ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತಂಪಲ್ಲಿ ತೆರೆಯುತ್ತವೆ. ನಾವೂ ಸೆಕೆಗೆ ಹಗಲು ಕಿಟಕಿ ಹಾಕಿ ರಾತ್ರಿ ತೆಗೆಯಲ್ವಾ, ಹಾಗೆ. ಅಗಲ, ತೆಳು, ಮೆತ್ತನೆ ಎಲೆ ಅಂದರೆ ಅದು ನೆರಳಿನ, ಮಳೆಯ ನಾಡಿನ ಗಿಡ.

ಇನ್ನು ಮಣ್ಣು. ನಮ್ಮಲ್ಲಿ ಅರ್ಧ ಜನರ ಅಂಗಳ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಮಳೆಯಲ್ಲಿ ಅಂಟಾಗಿ ನೀರು ನಿಲ್ಲಿಸುತ್ತದೆ. ಬರ ತಡೆಯುವ ಗಿಡಗಳು ನಮ್ಮ ಮನೆಗಳಲ್ಲಿ ಎಷ್ಟೋ ಸಲ ಸಾಯುವುದು ಮಳೆಗಾಲದಲ್ಲಿ, ಬೇರು ಕೊಳೆತು. ಅಡೇನಿಯಂ ಇಟ್ಟವರಿಗೆ ಗೊತ್ತು. ಅದಕ್ಕೆ ಎರೆ ಮಣ್ಣಿನಲ್ಲಿ ಗುಂಡಿ ತೋಡಿ ನೆಡುವ ಬದಲು ಕೆಂಪು ಮಸಾರಿ ಮಣ್ಣು, ಮರಳು, ಗೊಬ್ಬರ ಸೇರಿಸಿ ಒಂದು ಅಡಿ ದಿಬ್ಬ ಮಾಡಿ, ಅದರ ಮೇಲೆ ನೆಡಿ.

ನರ್ಸರಿಯಿಂದ ತರುವಾಗ ಇನ್ನೊಂದು ವಿಷಯ. ನಮ್ಮ ಕಡೆಗೆ ಬರುವ ಗಿಡಗಳಲ್ಲಿ ಎಷ್ಟೋ ಆಂಧ್ರದ ಕಡಿಯಂ ಕಡೆಯವು, ರಾಜಮಹೇಂದ್ರಿಯ ಹತ್ತಿರದ್ದು. ಗಿಡ ಬೆಳೆಸುವುದರಲ್ಲಿ ಅಲ್ಲಿನ ರೈತರ ಕೈ ದೊಡ್ಡದು. ಆದರೆ ಅದು ಗೋದಾವರಿ ತೀರ, ಗಾಳಿಯಲ್ಲೇ ನೀರಿನ ಪಸೆ. ಅಲ್ಲಿ ಬೆಳೆದು, ಲಾರಿಯಲ್ಲಿ ಬಂದು, ಹಸಿರು ನೆಟ್ ಕೆಳಗೆ ಕೂತಿದ್ದ ಗಿಡವನ್ನು ನೇರ ಬಯಲಿಗೆ ತಂದರೆ ಎಲೆ ಸುಡುತ್ತದೆ. ಎರಡು ವಾರ ಬೆಳಗಿನ ಬಿಸಿಲಲ್ಲಿ ಮಾತ್ರ ಇಟ್ಟು ಅಭ್ಯಾಸ ಮಾಡಿಸಿ. ಚೀಲ ಬಿಡಿಸಿದಾಗ ಬೇರು ಸಿಂಬೆ ಸುತ್ತಿದ್ದರೆ ಬೆರಳಿನಿಂದ ಬಿಡಿಸಿ. ಮತ್ತೆ ಅದೇ ಪ್ರಶ್ನೆ ನೋಡಿ, ಬೇರು ಎಲ್ಲಿದೆ?

ಚೀಟಿ ಬಂತು, ಹತ್ತು ನಿಮಿಷ ಅಂತೆ. ಬರೆದುಕೊಂಡು ಬಂದದ್ದು ಇನ್ನೂ ಎರಡು ಹಾಳೆ ಇದೆ. ಬೇಗ ಬೇಗ ಹೇಳುತ್ತೇನೆ.

ಲಾನ್ ಬಗ್ಗೆ ಬರೀ ಲೆಕ್ಕ. ಹತ್ತು ಅಡಿಗೆ ಹತ್ತು ಅಡಿ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಅಂದರೂ 46 ಲೀಟರ್, ಮೂರು ಕೊಡ. ಅದೇ ಜಾಗಕ್ಕೆ ಗರಿಕೆ ಬಿಡಿ. ಬೇಸಿಗೆಯಲ್ಲಿ ಒಣಗುತ್ತದೆ, ಒಂದು ಮಳೆಗೆ ಚಿಗುರುತ್ತದೆ.

ಪಶ್ಚಿಮಕ್ಕೆ ಜಾಗ ಇದ್ದರೆ ಒಂದು ಹೊಂಗೆ. ಬಿಸಿಲು ಏರುವ ಹೊತ್ತಿಗೇ ಹೊಸ ಎಲೆ ತೊಡುವ ಮರ. ಅದರ ನೆರಳಲ್ಲಿ ಕನಕಾಂಬರ, ದೊಡ್ಡಪತ್ರೆ ಬದುಕುತ್ತವೆ. ಅಡುಗೆಗೆ ನುಗ್ಗೆ.

ಬುಡಕ್ಕೆ ಹೊದಿಕೆ ಹಾಕಿ. ಶೇಂಗಾ ಸಿಪ್ಪೆ, ಭತ್ತದ ಹೊಟ್ಟು ನಮ್ಮಲ್ಲಿ ಧಾರಾಳ. ನಾಲ್ಕು ಬೆರಳು ದಪ್ಪ, ಕಾಂಡಕ್ಕೆ ತಾಗಬಾರದು, ಗೆದ್ದಲು ಹತ್ತುತ್ತದೆ. ತಾರಸಿಯಲ್ಲಿ ಕಪ್ಪು ಪ್ಲಾಸ್ಟಿಕ್ ಕುಂಡ ಬೇಡ, ಬೇರು ಬೇಯುತ್ತದೆ. ಮಣ್ಣಿನ ಕುಂಡ, ಕೆಳಗೆ ಎರಡು ಇಟ್ಟಿಗೆ. ತಾರಸಿಗೆ ಹತ್ತು ಗಂಟೆ ಹೂವಿನಷ್ಟು ಒಳ್ಳೆಯದು ಬೇರೆ ಇಲ್ಲ. ಮಧ್ಯಾಹ್ನ ಎಲೆ ಜೋತು ಬಿದ್ದರೆ ಓಡಿ ಹೋಗಿ ನೀರು ಹಾಕಬೇಡಿ. ಬೆಳಿಗ್ಗೆ ನೋಡಿ. ಆಗಲೂ ಜೋತಿದ್ದರೆ ಹಾಕಿ.

ಅಮ್ಮಾ, ನಿಮ್ಮ ಹೈಡ್ರೇಂಜಿಯಾ. ನೆಲಕ್ಕೆ ನೆಡಬೇಡಿ. ಪೂರ್ವದ ಕಿಟಕಿ ಹತ್ತಿರ ಮನೆಯೊಳಗೆ ಇಡಿ, ಮಣ್ಣು ಒಣಗದ ಹಾಗೆ ನೋಡಿಕೊಳ್ಳಿ. ಹೂ ಇರುವಷ್ಟು ದಿನ ಕಣ್ತುಂಬ ನೋಡಿ. ಆಮೇಲೆ ಅದು ಉಳಿಯದಿದ್ದರೆ ನಿಮ್ಮ ಕೈಯದು ತಪ್ಪಲ್ಲ. ಅದು ಮಡಿಕೇರಿಯ ಮಂಜಿನ ಗಿಡ.

ಬಾಗಿಲ ಹತ್ತಿರದ ಮೇಜಿನ ಮೇಲೆ ತಂಗಡಿ ಬೀಜದ ಪೊಟ್ಟಣ ಇಟ್ಟಿದ್ದೇನೆ, ಮನೆಗೊಂದು ತಗೊಳ್ಳಿ. ಒಂದೊಂದರಲ್ಲಿ ಹನ್ನೆರಡು ಬೀಜ ಇವೆ. ಈಗ ಬಿತ್ತಬೇಡಿ, ಸಾಸಿವೆ ಡಬ್ಬಿಯ ಪಕ್ಕ ಇಡಿ, ಕಣ್ಣಿಗೆ ಬೀಳುತ್ತಿರಲಿ. ಸಿಪ್ಪೆ ಗಟ್ಟಿ. ಮೃಗಶಿರಾ ಹುಟ್ಟಿದ ದಿನ ಬಿಸಿ ನೀರಿಗೆ ಹಾಕಿ ರಾತ್ರಿಯೆಲ್ಲ ನೆನೆಯಲು ಬಿಡಿ. ಬೆಳಿಗ್ಗೆ ಉಬ್ಬಿದ ಬೀಜವನ್ನು ಕುಂಡಕ್ಕಲ್ಲ, ಅದು ಬೆಳೆಯಬೇಕಾದ ನೆಲಕ್ಕೇ ಊರಿ.