ಸಾಲದ ಉದ್ದೇಶ: ಕೃಷಿ

ವಾಚನಾಲಯದ ಗೆಳೆಯರೇ,

ಬಡತನದ ಕಾರಣ ಮತ್ತು ಪರಿಹಾರದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಬ್ಯಾಂಕ್ ಶಾಖೆಗಳಲ್ಲಿ ಇಪ್ಪತ್ತಾರು ವರ್ಷ ದುಡಿದವನು, ಅದರಲ್ಲಿ ಹೆಚ್ಚಿನ ಕಾಲ ಚಿನ್ನದ ಸಾಲದ ಮೇಜಿನಲ್ಲಿ ಕೂತವನು. ಆ ಮೇಜಿನವನಿಗೆ ಊರಿನ ಗುಟ್ಟು ದೇವಸ್ಥಾನದ ಭಟ್ಟರಿಗಿಂತ ಹೆಚ್ಚು ತಿಳಿದಿರುತ್ತದೆ.

ಅರ್ಜಿಯಲ್ಲಿ ‘ಸಾಲದ ಉದ್ದೇಶ’ ಎಂದೊಂದು ಕಾಲಂ. ಬಂದವರಲ್ಲಿ ಹೆಚ್ಚಿನವರು ‘ಕೃಷಿ’ ಎಂದೇ ಬರೆಸುತ್ತಿದ್ದರು. ಕೃಷಿ ಸಾಲಕ್ಕೆ ಬಡ್ಡಿ ಕಡಿಮೆ. ಬಳೆ ತೂಕಕ್ಕೆ ಹೋದ ಐದು ನಿಮಿಷದಲ್ಲಿ ಮಾತ್ರ ನಿಜ ಹೊರಬೀಳುತ್ತಿತ್ತು: ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ, ನಾಳೆ ಮನೆಗೆ ಬಿಡುತ್ತಾರೆ, ಬಿಲ್ಲು ಕಟ್ಟದೆ ಬಿಡುವುದಿಲ್ಲ. ಕಂಗಿಗೆ, ಅಂದರೆ ಅಡಿಕೆ ಮರಕ್ಕೆ, ಮದ್ದು ಬಿಡಲೆಂದೇ ಬಳೆ ಕಳಚಿದವರೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಆ ಕಾಲಂ ನಂಬಿದರೆ ನಮ್ಮ ಸೀಮೆಯಲ್ಲಿ ಯಾರಿಗೂ ಕಾಯಿಲೆಯೇ ಬಂದಿಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಬಡವರಿಗೆ ಬುದ್ಧಿ ಹೇಳುವವರನ್ನು ಬಹಳ ನೋಡಿದ್ದೇನೆ. ನನ್ನ ಮೇಜಿಗೆ ಬಂದವರು ಕಾಲು ಉದ್ದ ಚಾಚಿದವರಲ್ಲ. ರಾತ್ರಿ ಬೆಳಗಾಗುವುದರೊಳಗೆ ಹಾಸಿಗೆಯೇ ಮೊಟಕಾದವರು. ಸೋಮಾರಿತನದಿಂದ ಬಡವರಾಗುತ್ತಾರೆ ಎಂಬ ಮಾತಿಗೂ ನನ್ನಲ್ಲಿ ತಾಳ್ಮೆ ಇಲ್ಲ. ಬೀಡಿ ಕಟ್ಟುವ ಹೆಂಗಸು ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾಳೆ. ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದಿಟ್ಟ ಬೀಡಿಯ ನಷ್ಟ ಅವಳದ್ದೇ. ಸೋಮಾರಿ ಯಾರು ಇಲ್ಲಿ?

ಜಾಗದ ಕಥೆಗೆ ಬರುತ್ತೇನೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ) ಎಂಬ ಪದಗಳನ್ನು ಇಲ್ಲಿ ಹಿರಿಯರು ಇನ್ನೂ ಮರೆತಿಲ್ಲ. ಚಾಲಗೇಣಿಯವನನ್ನು ಧಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಅದನ್ನು ಮುಗಿಸಿತು. ಗೇಣಿದಾರನಿಗೆ ಉತ್ತ ಭೂಮಿಯೇ ದಕ್ಕಿತು. ಇದು ಸಣ್ಣ ಸಂಗತಿಯಲ್ಲ. ಈ ಸಭೆಯಲ್ಲಿರುವ ಎಷ್ಟೋ ಮನೆಗಳು ಎದ್ದು ನಿಂತದ್ದು ಅದರಿಂದಲೇ. ಆದರೆ ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡು ಕೂಲಿ ಮಾಡುತ್ತಿದ್ದವರಿಗೆ ಪಂಚಾಯತಿನ ವ್ಯಾಪ್ತಿಯಲ್ಲಿ ಸಿಕ್ಕಿದ್ದು 10 ಸೆಂಟ್ಸ್. ಮನೆ ಆಯಿತು, ಗದ್ದೆ ಆಗಲಿಲ್ಲ. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುತ್ತಿದ್ದ ಕೊರಗ ಬುಡಕಟ್ಟಿನವರಿಗೆ ಗೇಣಿಯ ಭೂಮಿಯೂ ಇರಲಿಲ್ಲ, ಕಾನೂನು ಕೊಡುವುದಕ್ಕೆ. ಪ್ಲಾಸ್ಟಿಕ್ ಬಂದ ಮೇಲೆ ಬುಟ್ಟಿಯ ಗಿರಾಕಿಯೂ ಹೋದ.

ಇನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕ. ಸರ್ಕಾರದ್ದೇ ಪ್ಲಾಂಟೇಶನ್ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ವರ್ಷವರ್ಷವೂ ಸುರಿದ ವಿಷ. ನಮ್ಮ ಎಣ್ಮಕಜೆ ಗ್ರಾಮದಲ್ಲಿ ಮಕ್ಕಳಿಗೆ ಆದದ್ದನ್ನು ನಿಮಗೆ ವಿವರಿಸಬೇಕಾಗಿಲ್ಲ. ಬಡತನದ ದೃಷ್ಟಿಯಿಂದ ಒಂದನ್ನಷ್ಟೇ ಹೇಳುತ್ತೇನೆ. ಎದ್ದು ಕೂರಲಾರದ ಮಗುವಿರುವ ಮನೆಯಲ್ಲಿ ತಾಯಿ ಕೂಲಿಗೆ ಹೋಗಲಾರಳು. ಅಂದರೆ ಖರ್ಚು ಏರಿದ ದಿನವೇ ಎರಡು ಸಂಪಾದನೆ ಒಂದಾಗುತ್ತದೆ. ಮಗು ಬೆಳೆದು ಮೂವತ್ತಾದರೂ ತಾಯಿಗೆ ರಜೆ ಇಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಿಷದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಮೂರು ತಿಂಗಳ ಗಡುವು ಹಾಕಿತು. 2022ರಲ್ಲಿ ಅದೇ ಕೋರ್ಟ್, ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ ಎಂಟು ಮಂದಿಗೆ ಮಾತ್ರ ಕೊಟ್ಟದ್ದೇಕೆ, ಉಳಿದವರ ಗತಿ ಏನು ಎಂದು ರಾಜ್ಯವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ತಡವಾಗಿ ಬಂದ ಪರಿಹಾರಕ್ಕೆ ಅಷ್ಟರಲ್ಲಿ ಬಡ್ಡಿ ಕಾದು ಕೂತಿರುತ್ತದೆ.

ನೀತಿ ಆಯೋಗದ ಬಡತನ ಸೂಚ್ಯಂಕದಲ್ಲಿ ಕೇರಳದ ಬಡವರು ನೂರಕ್ಕೆ ಒಬ್ಬರೂ ಇಲ್ಲ. 2023ರ ವರದಿಯಲ್ಲಿ 0.55 ಶೇಕಡ. ಸುಳ್ಳಲ್ಲ. ಶಾಲೆ, ಪೌಷ್ಟಿಕತೆ, ವಿದ್ಯುತ್ತು, ನೀರು ಎಲ್ಲ ಅಳೆದು ಹೇಳಿದ್ದು. ಆ ಅಳತೆಯಲ್ಲಿ ಬ್ಯಾಂಕ್ ಖಾತೆ ಇರುವುದೂ ಒಂದು ಅಂಶ. ನನ್ನ ಮುಂದೆ ಬಳೆ ಕಳಚಿದ ಪ್ರತಿಯೊಬ್ಬರಿಗೂ ಖಾತೆ ಇತ್ತು! ಸಾಲವನ್ನು ಆ ಸೂಚ್ಯಂಕ ಕೇಳುವುದಿಲ್ಲ.

ಹಾಗಿದ್ದರೂ ಈ ರಾಜ್ಯ ಮಾಡಿದ ಒಂದು ಕೆಲಸವನ್ನು ಮೆಚ್ಚಲೇಬೇಕು. 2021ರಲ್ಲಿ ಆರಂಭವಾದ ಅತಿಬಡತನ ನಿರ್ಮೂಲನ ಯೋಜನೆ 64,006 ಕುಟುಂಬಗಳನ್ನು ಹುಡುಕಿ, ಪ್ರತಿ ಮನೆಗೂ ಬೇರೆ ಬೇರೆ ಯೋಜನೆ ಬರೆಯಿತು. ಒಬ್ಬರಿಗೆ ಔಷಧ, ಒಬ್ಬರಿಗೆ ಮಾಡು, ಇನ್ನೊಬ್ಬರಿಗೆ ಬೇಯಿಸಿದ ಅನ್ನ. 2025ರ ನವೆಂಬರ್ 1ರಂದು ‘ಅತಿಬಡತನ ಮುಕ್ತ’ ಎಂದು ಘೋಷಿಸಿದ್ದು ಸರಿಯೇ ಎಂಬ ಜಗಳ ಇರಲಿ. ಮನೆಮನೆಯ ತೂತು ಬೇರೆ ಎಂದು ಒಪ್ಪಿಕೊಂಡ ಕ್ರಮ ಸರಿ. ಆ ಹುಡುಕಾಟದಲ್ಲಿ ಪಡಿತರ ಚೀಟಿ, ಆಧಾರ್ ಕೂಡ ಇಲ್ಲದವರು ಸಿಕ್ಕಿದರು. ಕಾಗದ ಇಲ್ಲದವನು ಸರ್ಕಾರದ ಕಣ್ಣಿಗೆ ಬಡವನೂ ಅಲ್ಲ.

ಕಾಗದ ಎಂದಾಗ ನಮ್ಮ ಕನ್ನಡದ ವಿಷಯ ಬರುತ್ತದೆ. ಮಲಯಾಳದಲ್ಲಿ ಬಂದ ನೋಟೀಸನ್ನು ಓದಿಸಿಕೊಳ್ಳಲು ಜನ ನನ್ನ ಮೇಜಿಗೆ ತರುತ್ತಿದ್ದರು. ಕೊನೆಯ ದಿನಾಂಕ ದಾಟಿದ ಮೇಲೆ ತಂದವರೇ ಹೆಚ್ಚು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಇದು ಗೊತ್ತಿದ್ದವರು ಈ ಸಭೆಯಲ್ಲಿ ಎಷ್ಟು ಮಂದಿ, ಕೈ ಎತ್ತಿ ನೋಡೋಣ. ಸರಿ, ಎಣಿಸುವುದು ಬೇಡ.

ಆಸ್ಪತ್ರೆಯದ್ದೂ ಗಡಿಯ ಕಥೆಯೇ. 2020ರ ಮಾರ್ಚಿನಲ್ಲಿ ಮಂಗಳೂರಿಗೆ ಹೋಗುವ ತಲಪಾಡಿ ಗಡಿಯ ದಾರಿ ಮುಚ್ಚಿದಾಗ ನಮ್ಮ ರೋಗಿಗಳ ಪಾಡು ಏನಾಯಿತೆಂದು ಎಲ್ಲರಿಗೂ ನೆನಪಿದೆ. ನಮ್ಮ ಜಿಲ್ಲೆಯದ್ದೇ ಆದ ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಬಿದ್ದಿತ್ತು. ಚಿನ್ನದ ಸಾಲ ತಗ್ಗಬೇಕಾದರೆ ಬಡ್ಡಿ ಇಳಿಸುವುದಕ್ಕಿಂತ ಆ ಕಟ್ಟಡದಲ್ಲಿ ತಜ್ಞ ವೈದ್ಯರನ್ನು ಕೂರಿಸುವುದು ಹೆಚ್ಚು ಫಲ ಕೊಡುತ್ತದೆ ಎಂದು ಬ್ಯಾಂಕಿನವನಾಗಿಯೇ ಹೇಳುತ್ತೇನೆ.

ಅದು ನಮ್ಮ ಕೈಯಲ್ಲಿಲ್ಲ, ಒತ್ತಾಯಿಸಬಹುದು ಅಷ್ಟೆ. ಅರ್ಜಿ ಬರೆಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ವಾಚನಾಲಯದ ಜಗಲಿಯಲ್ಲಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿ. ಪಿಂಚಣಿ, ಬೀಡಿ ಕ್ಷೇಮನಿಧಿ, ಚಿಕಿತ್ಸಾ ನೆರವು, ಯಾವ ಕಾಗದವಾದರೂ ಸರಿ, ಓದಿ ಹೇಳುತ್ತೇನೆ, ಕನ್ನಡದಲ್ಲಿ ಬರೆದುಕೊಡುತ್ತೇನೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಮಲಯಾಳ ಚೆನ್ನಾಗಿ ಓದಬಲ್ಲ ಹುಡುಗಿಯೋ ಹುಡುಗನೋ ಒಬ್ಬರು ನನ್ನ ಪಕ್ಕದ ಕುರ್ಚಿಗೆ ಬೇಕು.