ಹಿಡೆತೋಶಿ ನಕಾತಾ: ಇಂದಿಗೂ ಜನ ಹುಡುಕಿ ನೋಡುವ ಆ ಮೂವತ್ತು ನಿಮಿಷ

[ದೃಶ್ಯ: ಖಾಲಿಯಾಗುತ್ತಿರುವ ಫುಟ್‌ಬಾಲ್ ಮೈದಾನ]

ನಮಸ್ಕಾರ. 2006ರ ಜೂನ್ 22ರಂದು ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಜಪಾನ್ ತಂಡವು ಬ್ರೆಜಿಲ್ ಎದುರು 1-4ರಿಂದ ಸೋತಿತು. ಪಂದ್ಯ ಮುಗಿದು ಬಹಳ ಹೊತ್ತಾದರೂ ಜಪಾನ್ ತಂಡದ ಒಬ್ಬ ಆಟಗಾರರು ಮೈದಾನದ ನಡುವೃತ್ತದಲ್ಲಿ ಅಂಗಾತ ಮಲಗಿಯೇ ಇದ್ದರು. ಅವರೇ ಹಿಡೆತೋಶಿ ನಕಾತಾ. ಹನ್ನೊಂದು ದಿನಗಳ ನಂತರ, ಇನ್ನೂ 29ರ ವಯಸ್ಸಿನಲ್ಲಿ, ಅವರು ನಿವೃತ್ತಿ ಘೋಷಿಸಿದರು. ಬದುಕೆಂದರೆ ಪಯಣ, ಪಯಣವೆಂದರೆ ಬದುಕು ಎಂಬ ಅರ್ಥದ ಶೀರ್ಷಿಕೆಯಿದ್ದ ಆ ಬರಹ ಪ್ರಕಟವಾದದ್ದು ಅವರ ಸ್ವಂತ ಜಾಲತಾಣದಲ್ಲಿ.

ಈ ಸಂಗತಿಯನ್ನು ಹಗುರವಾಗಿ ಕಾಣಬಾರದು. 1998ರಲ್ಲಿ, ರಾಷ್ಟ್ರಗೀತೆಯ ಕುರಿತು ಅವರು ಆಡಿದರೆಂದು ಪತ್ರಿಕೆಯಲ್ಲಿ ಬಂದ ಮಾತು ವಿವಾದವಾಗಿ, ಬೆದರಿಕೆಗಳವರೆಗೂ ಹೋಗಿತ್ತು. ವರದಿಗಾರರನ್ನು ದೂರವಿಟ್ಟ ನಕಾತಾ ಅಭಿಮಾನಿಗಳಿಗೆ ನೇರವಾಗಿ ಬರೆಯತೊಡಗಿದರು. ಸಾಮಾಜಿಕ ಜಾಲತಾಣಗಳು ಹರಡುವುದಕ್ಕೂ ಮೊದಲೇ ಆಟಗಾರರೊಬ್ಬರು ತಮ್ಮ ಮಾತನ್ನು ತಾವೇ ಓದುಗರಿಗೆ ಮುಟ್ಟಿಸಿದ ಬಗೆಯಿದು. ಅಂತರ್ಜಾಲದಲ್ಲಿ ಅವರಿಗಿರುವ ಜನಪ್ರಿಯತೆಯ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

ನಿವೃತ್ತಿಯ ನಂತರ ಅವರು ತರಬೇತುದಾರರಾಗಲಿಲ್ಲ. ದೇಶದೇಶಗಳನ್ನು ಸುತ್ತಿ, ಬಳಿಕ ಜಪಾನಿನ 47 ಪ್ರಾಂತ್ಯಗಳಲ್ಲೂ ಸಂಚರಿಸಿ, ಕುಶಲಕರ್ಮಿಗಳನ್ನೂ ಅಕ್ಕಿಯಿಂದ ತಯಾರಾಗುವ ಸಾಕೆ ಎಂಬ ಮದ್ಯದ ತಯಾರಕರನ್ನೂ ಕಂಡು, ಆ ಸಾಕೆಯನ್ನು ಲೋಕಕ್ಕೆ ಪರಿಚಯಿಸುವ ಉದ್ಯಮವನ್ನು ಕಟ್ಟಿದರು. ಹೀಗಾಗಿ ಕಾಲು ಸೋತ ನಕಾತಾರನ್ನು ಯಾರೂ ನೋಡಲೇ ಇಲ್ಲ. ಅಂತರ್ಜಾಲದಲ್ಲಿ ಉಳಿದಿರುವುದು ಹರೆಯದ ಆಟ ಮಾತ್ರ.

[ದೃಶ್ಯ: ಇಟಲಿಯ ನಕ್ಷೆ, ರೋಮ್, ಟುರಿನ್ ನಗರಗಳ ಗುರುತು]

ಆ ಆಟದಲ್ಲಿ ನೀವು ತಪ್ಪದೆ ನೋಡಬೇಕಾದ ತುಣುಕು 2001ರ ಮೇ 6ರದು. ಇಟಲಿಯ ಲೀಗ್‌ನಲ್ಲಿ ರೋಮಾ ಮೊದಲ ಸ್ಥಾನದಲ್ಲಿತ್ತು, ಬೆನ್ನಟ್ಟುತ್ತಿದ್ದದ್ದು ಯುವೆಂಟಸ್. ಅಂದು ಯುವೆಂಟಸ್‌ನ ಊರಾದ ಟುರಿನ್‌ನಲ್ಲಿ ಈ ಎರಡು ತಂಡಗಳೇ ಎದುರಾದವು. ನಕಾತಾ ರೋಮಾ ತಂಡದಲ್ಲಿದ್ದರೂ ಅವರ ಸ್ಥಾನದಲ್ಲಿ ಆಡುತ್ತಿದ್ದವರು ನಾಯಕ ಫ್ರಾಂಚೆಸ್ಕೊ ಟೊಟ್ಟಿ. ಅದರ ಮೇಲೆ, ಯುರೋಪಿಯನ್ ಒಕ್ಕೂಟದ ಹೊರಗಿನವರಲ್ಲಿ ಮೂವರನ್ನಷ್ಟೇ ಪಂದ್ಯಕ್ಕೆ ಸೇರಿಸಿಕೊಳ್ಳಬಹುದೆಂಬ ನಿಯಮವೂ ಇತ್ತು. ಪಂದ್ಯಕ್ಕೆ ಕೆಲವೇ ದಿನಗಳಿರುವಾಗ ಆ ನಿಯಮ ರದ್ದಾಯಿತು. ಯುವೆಂಟಸ್ ಪಾಳಯಕ್ಕೆ ಇದು ಸಿಟ್ಟು ತರಿಸಿದ್ದು ಸಹಜವೇ ಆಗಿತ್ತು.

ಯುವೆಂಟಸ್‌ನ ಡೆಲ್ ಪಿಯೆರೊ ಮತ್ತು ಜಿದಾನ್ ಆರಂಭದಲ್ಲೇ ಹೊಡೆದ ಗೋಲುಗಳಿಂದ ರೋಮಾ 0-2ರಿಂದ ಹಿಂದಿತ್ತು. ಪಂದ್ಯಕ್ಕೆ ಸುಮಾರು ಒಂದು ಗಂಟೆಯಾದಾಗ ತರಬೇತುದಾರ ಫ್ಯಾಬಿಯೊ ಕಪೆಲ್ಲೊ ಟೊಟ್ಟಿಯನ್ನೇ ಹೊರಗೆ ಕರೆದು ನಕಾತಾರನ್ನು ಇಳಿಸಿದರು. ಉಳಿದಿದ್ದದ್ದು ಸುಮಾರು ಮೂವತ್ತು ನಿಮಿಷ. 79ನೆಯ ನಿಮಿಷದಲ್ಲಿ ಚೆಂಡನ್ನು ಕಸಿದುಕೊಂಡ ನಕಾತಾ, ಮುಂದಕ್ಕೆ ಓಡಿ ಪೆನಾಲ್ಟಿ ಆವರಣದ ಹೊರಗಿನಿಂದಲೇ ಬಲವಾಗಿ ಒದ್ದರು. ಚೆಂಡು ಬಲೆಯ ಮೇಲಿನ ಮೂಲೆಯನ್ನು ಸೇರಿತು. ಎಲ್ಲರೂ ಹಂಚಿಕೊಳ್ಳುವುದು ಈ ಗೋಲನ್ನೇ. ಆದರೆ ದಯವಿಟ್ಟು ವಿಡಿಯೋವನ್ನು ಅಲ್ಲಿಗೇ ನಿಲ್ಲಿಸಬೇಡಿ. ಕೊನೆಯ ಗಳಿಗೆಯಲ್ಲಿ ಅವರು ದೂರದಿಂದ ಇನ್ನೊಮ್ಮೆ ಒದ್ದ ಚೆಂಡನ್ನು ಯುವೆಂಟಸ್ ಗೋಲ್‌ಕೀಪರ್ ವಾನ್ ಡರ್ ಸಾರ್ ಹಿಡಿಯಲಾರದೆ ಬಿಟ್ಟರು, ರೋಮಾದ ಮೊಂಟೆಲ್ಲಾ ಅದನ್ನು ಬಲೆಗೆ ತಳ್ಳಿದರು. ಪಂದ್ಯ 2-2ರಲ್ಲಿ ಸಮವಾಯಿತು.

ಜೂನ್ 17ರಂದು ಲೀಗ್ ಮುಗಿದಾಗ ರೋಮಾಗೆ 75 ಅಂಕ, ಯುವೆಂಟಸ್‌ಗೆ 73. ಟುರಿನ್‌ನಲ್ಲಿ ರೋಮಾ ಸೋತು ಉಳಿದ ಫಲಿತಾಂಶಗಳೆಲ್ಲ ಹಾಗೆಯೇ ಇದ್ದಿದ್ದರೆ, ಯುವೆಂಟಸ್ 75ಕ್ಕೆ ಏರಿ, ರೋಮಾ 74ಕ್ಕೆ ನಿಲ್ಲುತ್ತಿತ್ತು (ಗೆಲುವಿಗೆ ಮೂರು ಅಂಕ, ಸಮಕ್ಕೆ ಒಂದು). ಪ್ರಶಸ್ತಿ ಯುವೆಂಟಸ್ ಪಾಲಾಗುತ್ತಿತ್ತು.