ಕರುಣೆಗೂ ಒಂದು ಪಾಳಿ ಬೇಕು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಲೋಕಲ್ ಗಾಡಿಗಳನ್ನು ನಿಲ್ಲಿಸಿಡುವ ಭಾನುವಾರದ ಮೆಗಾ ಬ್ಲಾಕಿನ ತೊಂದರೆಯನ್ನೂ ಲೆಕ್ಕಿಸದೆ ಡೊಂಬಿವಲಿ, ಮೀರಾ ರೋಡು, ನವಿ ಮುಂಬಯಿಗಳಿಂದ ಮಾಟುಂಗಕ್ಕೆ ಬಂದು ಸೇರಿರುವ ಕನ್ನಡ ಬಂಧುಗಳೇ,

ಸಂಘದ ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಸಾಮಾಜಿಕ ಬದುಕು ಮತ್ತು ಕರುಣೆ’. ಕರುಣೆಯ ಬಗ್ಗೆ ಶರಣರೂ ದಾಸರೂ ಹೇಳಿದ್ದು ನಿಮಗೆಲ್ಲ ಬಾಯಿಪಾಠವಾಗಿದೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ತೆಗೆದುಕೊಳ್ಳಲಾರೆ. ಹೋದ ತಿಂಗಳು ನಮ್ಮ ಸಂಘದ ರಕ್ತದಾನ ಶಿಬಿರ ನಡೆದ ದಿನದಿಂದ ಒಂದು ಮಾತು ನನ್ನ ಮನಸ್ಸಿನಲ್ಲಿ ಕುದಿಯುತ್ತಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಆಹ್ವಾನವನ್ನು ಒಪ್ಪಿಕೊಂಡೆ. ಈ ಮುಂಬಯಿ ನಗರದಲ್ಲಿ ಕನಿಕರಕ್ಕೆ ಬರವಿಲ್ಲ. ಯಾರಿಗಾದರೂ ಕಷ್ಟ ಬಂತೆಂದು ಕೇಳಿದರೆ ಕೂಡಲೇ ಕಿಸೆಗೆ ಕೈಹಾಕುವವರು ಇಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೊರತೆಯಿರುವುದು ಆ ಕನಿಕರವನ್ನು ಸೋಮವಾರವೂ ಮಂಗಳವಾರವೂ ಮುಂದಿನ ತಿಂಗಳೂ ನಡೆಸಿಕೊಂಡು ಹೋಗುವ ಏರ್ಪಾಡಿಗೆ. ನಾವು ಗಿರಣಿಗಳ ಊರಿನವರು. ಒಬ್ಬ ಕೆಲಸ ಮುಗಿಸಿ ಹೊರಟಾಗ ಇನ್ನೊಬ್ಬ ಬಂದು ನಿಲ್ಲದಿದ್ದರೆ ಮಗ್ಗ ನಿಂತುಹೋಗುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಪರೇಲಿನ ಜೆರ್ಬಾಯಿ ವಾಡಿಯಾ ರಸ್ತೆಯನ್ನು ನಿಮ್ಮಲ್ಲಿ ಹೆಚ್ಚಿನವರು ಬಲ್ಲಿರಿ. ಟಾಟಾ ಮೆಮೋರಿಯಲ್ ಆಸ್ಪತ್ರೆ ಇರುವುದು ಅಲ್ಲಿಯೇ. 1926ರಿಂದ ನಡೆಯುತ್ತಿರುವ ಕೆಇಎಂ ಆಸ್ಪತ್ರೆಯೂ ಮಕ್ಕಳ ವಾಡಿಯಾ ಆಸ್ಪತ್ರೆಯೂ ಅಲ್ಲೇ ಸಮೀಪದಲ್ಲಿವೆ. ಫುಟ್‌ಪಾತಿನ ಉದ್ದಕ್ಕೂ ತಾಡಪಾಲಿನ ಕೆಳಗೆ ಸಂಸಾರಗಳು ಕುಳಿತಿರುತ್ತವೆ. ಒಂದು ಕಡೆ ಪಾತ್ರೆಪಗಡಿ, ಇನ್ನೊಂದು ಕಡೆ ಒದ್ದೆಯಾಗದಂತೆ ಎತ್ತರದಲ್ಲಿ ಕಟ್ಟಿದ ಫೈಲು. ನಡೆಯುತ್ತ ಹೋದರೆ ಬಂಗಾಳಿ, ಭೋಜಪುರಿ, ಮರಾಠಿಗಳ ನಡುವೆ ಒಮ್ಮೊಮ್ಮೆ ಕಲಬುರಗಿಯ, ರಾಯಚೂರಿನ ಕನ್ನಡವೂ ಕಿವಿಗೆ ಬೀಳುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ದಾದರಿನಲ್ಲಿ ಇಳಿದವರ ಕನ್ನಡ ಅದು.

ಟಾಟಾ ಆಸ್ಪತ್ರೆ ಹುಟ್ಟಿದ್ದೇ ಒಬ್ಬರ ದುಃಖದಿಂದ. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷವೇ ದೊರಾಬ್ಜಿಯವರೂ ಹೋದರು. ಅವರ ಹೆಸರಿನ ಟ್ರಸ್ಟು ಕ್ಯಾನ್ಸರ್ ಆಸ್ಪತ್ರೆ ಕಟ್ಟುವ ಕೆಲಸವನ್ನು ಮುಂದುವರಿಸಿ 1941ರ ಫೆಬ್ರವರಿ 28ರಂದು ಆಸ್ಪತ್ರೆಯನ್ನು ತೆರೆಯಿತು. 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ 1962ರಲ್ಲಿ ಅಣುಶಕ್ತಿ ಇಲಾಖೆಯೂ ಅದರ ಹೊಣೆ ಹೊತ್ತವು. ದುಃಖಪಟ್ಟವರು ಇಲ್ಲವಾದ ಮೇಲೂ ಅವರ ದುಃಖ ಕೆಲಸ ಮಾಡುತ್ತಲೇ ಬಂದಿದೆ. ನಮ್ಮ ಕೈಯಲ್ಲಿ ಅಷ್ಟು ಹಣವಿಲ್ಲ, ನಿಜ. ಆದರೆ ಒಬ್ಬರಿಂದ ಇನ್ನೊಬ್ಬರಿಗೆ ಕೆಲಸ ದಾಟಿಸುವುದಕ್ಕೆ ಹಣಕ್ಕಿಂತ ಮೊದಲು ಬೇಕಾಗುವುದು ಮನುಷ್ಯರು.

ಈಗ ಯಾದಗಿರಿ ಕಡೆಯ ಆ ತಂದೆಯ ವಿಷಯ ಹೇಳಬೇಕು. ನನ್ನ ಬಾಯಿಂದ ಇದನ್ನು ಮೊದಲೇ ಕೇಳಿದವರು ಇಲ್ಲಿ ಕೆಲವರಿದ್ದಾರೆ. ಅವರು ಇನ್ನೊಮ್ಮೆ ಸಹಿಸಿಕೊಳ್ಳಬೇಕು, ಏಕೆಂದರೆ ನಾನು ಹೇಳಬೇಕಾದದ್ದೆಲ್ಲ ಅದರೊಳಗೇ ಇದೆ. ಹತ್ತು ವರ್ಷದ ಆಸುಪಾಸಿನ ಮಗಳನ್ನು ಕರೆದುಕೊಂಡು ಗಂಡಹೆಂಡಿರಿಬ್ಬರೂ ಬಂದಿದ್ದರು. ನಾನು ಯಾರನ್ನೋ ನೋಡಲು ಹೋದವನು ಅವರ ಮಾತು ಕೇಳಿ ನಿಂತೆ. ಕನ್ನಡದವನೆಂದು ತಿಳಿದ ಕೂಡಲೇ ತಂದೆ ಎದ್ದು ನಿಂತು, ಹತ್ತಿಬೀಜದ ಕಂಪನಿಯ ಚೀಲದೊಳಗಿಂದ ಮಗಳ ಫೈಲನ್ನು ತೆಗೆದು ನನ್ನ ಕೈಗಿಟ್ಟರು. ನಾನು ಅಭ್ಯಾಸಬಲದಿಂದ ಕಿಸೆಯತ್ತ ಕೈ ಒಯ್ದದ್ದನ್ನು ನೋಡಿ, “ಸಾಹೇಬ್ರ, ನಾ ರೊಕ್ಕ ಕೇಳಾಕತ್ತಿಲ್ರೀ. ಡಾಕ್ಟ್ರು ಏನಂದ್ರು ಅನ್ನೋದು ಒಂದೀಟು ತಿಳಿಸಿ ಹೇಳ್ರಿ, ಸಾಕು” ಅಂದರು.

ಫೈಲಿನ ಜೊತೆಗೆ ಮಗಳ ಶಾಲೆಯ ನೋಟುಪುಸ್ತಕವೂ ಇತ್ತು. ಅದರ ಹಿಂದಿನ ಹಾಳೆಗಳಲ್ಲಿ ಅವರು ದಿನದಿನದ ಖರ್ಚು ಬರೆದಿಟ್ಟಿದ್ದರು. ಚಹಾ, ಬಾಳೆಹಣ್ಣು, ಝೆರಾಕ್ಸು; ಪ್ರತಿದಿನದ ಕೆಳಗೂ ತಪ್ಪದೆ ‘ಸಂಡಾಸ, ಜಳಕ’ ಎಂಬ ಒಂದು ಸಾಲು. ತಾಯಿ ಮೂಲೆಯಲ್ಲಿ ಕುಳಿತು, ಊರಿಂದ ತಂದ ಕಟಿ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಮಗಳಿಗೆ ತಿನ್ನಿಸಲು ನೋಡುತ್ತಿದ್ದರು. ಮಗುವಿಗೆ ಬಾಯಿ ಹುಣ್ಣಾಗಿತ್ತು.

ವೈದ್ಯರು ಎರಡು ಮಾತು ಬರೆದಿದ್ದರು. ಕ್ಯಾನ್ಸರಿಗೆ ಕೊಡುವ ಕಿಮೋ ಔಷಧದ ಮುಂದಿನ ಸುತ್ತು 21 ದಿನಗಳ ಮೇಲೆ ಎಂಬುದು ಒಂದು. ಈ ನಡುವೆ ಜ್ವರ ಬಂದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆತರಬೇಕು ಎಂಬುದು ಇನ್ನೊಂದು. ಮೊದಲನೆಯದು ಅವರಿಗೆ ಅರ್ಧ ತಿಳಿದಿತ್ತು. ಊರಿಗೆ ಹೋಗಿಬರುವ ಖರ್ಚಿಗೆ ಹೆದರಿ ಮೂರು ವಾರವನ್ನೂ ಫುಟ್‌ಪಾತಿನಲ್ಲೇ ಕಳೆಯಲು ನಿಶ್ಚಯಿಸಿದ್ದರು. ಎರಡನೆಯದು ತಿಳಿದೇ ಇರಲಿಲ್ಲ. ಕಿಮೋ ಪಡೆದವರಲ್ಲಿ ಬಿಳಿ ರಕ್ತಕಣಗಳು ಇಳಿದುಹೋಗುವುದರಿಂದ, ನಮಗೆ ನಿಮಗೆ ಬಂದು ಹೋಗುವಂಥ ಸಣ್ಣ ಜ್ವರವೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಆ ತಂದೆಯ ಅಂಗಿಯ ಕಿಸೆಯಲ್ಲಿ, ಜ್ವರ ಬಂದರೆ ಮಗಳಿಗೆ ಕೊಡೋಣವೆಂದು ಅಂಗಡಿಯಿಂದ ತಂದ ಗುಳಿಗೆಗಳಿದ್ದವು! ಅಷ್ಟು ಪ್ರೀತಿಯಿಂದ, ಅಷ್ಟು ಜೋಪಾನವಾಗಿ ತಂದಿಟ್ಟುಕೊಂಡ ಗುಳಿಗೆಗಳು. ಆಸ್ಪತ್ರೆಯವರನ್ನು ನಾನು ದೂರುವುದಿಲ್ಲ. ದೇಶದ ಮೂಲೆಮೂಲೆಯಿಂದ ಬರುವವರಿಗೆಲ್ಲ ಅವರವರ ಮಾತಿನಲ್ಲಿ ಕೂರಿಸಿ ಹೇಳುವುದು ಯಾವ ವೈದ್ಯರಿಗೂ ಆಗದ ಕೆಲಸ. ಆದರೆ ಆ ಒಂದು ಸಾಲನ್ನು ಓದಿ ಹೇಳಬಲ್ಲ ಲಕ್ಷಾಂತರ ಕನ್ನಡಿಗರು ಈ ನಗರದಲ್ಲಿದ್ದಾರೆ. ಅವರಲ್ಲಿ ಒಬ್ಬರಾದರೂ ಅಂದು ಅಲ್ಲಿರಬೇಕೆಂಬ ಏರ್ಪಾಡನ್ನು ನಾವು ಯಾರೂ ಮಾಡಿರಲಿಲ್ಲ.

ಇನ್ನೂ ಕೆಲವು ಸಂಗತಿಗಳು ಅವರಿಗೆ ಗೊತ್ತಿರಲಿಲ್ಲ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರಿನಲ್ಲೂ ತ್ರೀ ಟಯರ್ ಎಸಿಯಲ್ಲೂ ಟಿಕೇಟಿನ ಹಣ ಪೂರ್ತಿ ಮಾಫಿ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು, ಅಷ್ಟೆ. ಲೋಕಲ್ ಗಾಡಿಯಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಹತ್ತಬಹುದು. ದಾದರಿನಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆಯಿದೆ. ಪರೇಲಿಗೆ ಬರುವ ರೋಗಿಗಳ ಸಂಸಾರಗಳಿಗೆ ಅಲ್ಲಿ ಆಸರೆ ಸಿಗುತ್ತದೆ. ಗಾಡ್ಗೆ ಮಹಾರಾಜರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಪೊರಕೆ ಹಿಡಿದು ಊರೂರು ತಿರುಗಿ, ಹಗಲು ಊರಿನ ಕಸ ಗುಡಿಸಿ ರಾತ್ರಿ ಕೀರ್ತನೆ ಮಾಡುತ್ತಿದ್ದ ಆ ಮನುಷ್ಯ ಕೂಡಿಬಂದ ಹಣವನ್ನು ಪಂಢರಪುರ, ನಾಸಿಕ, ಆಳಂದಿಗಳಲ್ಲಿ ಬಡಯಾತ್ರಿಕರ ಧರ್ಮಶಾಲೆಗಳಿಗೆ ಸುರಿದರು. 1956ರಲ್ಲಿ ಅವರು ತೀರಿಕೊಂಡರು. ಇಂದು ರಾತ್ರಿಯೂ ಅವರ ಹೆಸರಿನ ಸೂರಿನ ಕೆಳಗೆ ಯಾರದೋ ಮಗು ಮಲಗುತ್ತದೆ.

ಆ ಕುಟುಂಬಕ್ಕೆ ಜಾಗ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಮುಂದಿನ ಭೇಟಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಒಬ್ಬ ಹುಡುಗ ರಜೆ ಹಾಕಿ ಹೋದ. ಅದರ ಮುಂದಿನದಕ್ಕೆ ಚೆಂಬೂರಿನ ಒಬ್ಬ ತಾಯಿ ಹೋದರು. ಅವರು ಆ ಹುಡುಗಿಯ ಅಮ್ಮನನ್ನು ತಮ್ಮ ಮನೆಗೆ ಕರೆದೊಯ್ದು ತಲೆಸ್ನಾನ ಮಾಡಿಸಿ, ಹೊಟ್ಟೆತುಂಬ ಅನ್ನ ಬಡಿಸಿ ಕಳಿಸಿದರು. ಬೀದಿಯಲ್ಲಿ ದಿನ ಕಳೆಯುವ ಹೆಂಗಸಿಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುವುದೆಂದರೆ ಏನೆಂಬುದು ಗಂಡಸರಾದ ನಮಗೆ ಹೊಳೆದಿರಲಿಲ್ಲ. ಹುಡುಗಿಯ ಚಿಕಿತ್ಸೆ ಮುಗಿದಿದೆ. ಈಗಲೂ ತಪಾಸಣೆಗೆ ಬಂದಾಗ ತಂದೆ ಫೋನು ಮಾಡುತ್ತಾರೆ.

ಇನ್ನು ರಕ್ತದಾನದ ಮಾತು. ಶಿಬಿರ ಚೆನ್ನಾಗಿ ನಡೆಯಿತು, ಕೊಟ್ಟವರಿಗೆಲ್ಲ ನನ್ನ ನಮಸ್ಕಾರ. ಆದರೂ ಒಂದು ವಿಷಯವನ್ನು ನಾವು ತಿಳಿದಿರಬೇಕು. ದಾನಿಯ ರಕ್ತವನ್ನು ಬೇರ್ಪಡಿಸಿದಾಗ ಕೆಂಪು ಕಣಗಳು ಶೀತದಲ್ಲಿ ಐದಾರು ವಾರ ಉಳಿಯುತ್ತವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳನ್ನು 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ, ಸದಾ ಅಲುಗಾಡಿಸುತ್ತ ಇಡಬೇಕು. ಹಾಗೆ ಇಟ್ಟರೂ ಅವುಗಳ ಆಯುಸ್ಸು ಐದು ದಿನ. ಕಿಮೋ ಪಡೆಯುವ ಮಗುವಿನ ಒಸಡಿನಿಂದಲೋ ಮೂಗಿನಿಂದಲೋ ರಕ್ತ ಸುರಿಯಲು ಶುರುವಾದಾಗ ಬೇಕಾಗುವುದು ಇದೇ. ಭಾನುವಾರದ ಶಿಬಿರದಲ್ಲಿ ಎಷ್ಟೇ ಜನ ಸಾಲಾಗಿ ನಿಂತು ಕೊಡಲಿ, ಅದರ ಪ್ಲೇಟ್‌ಲೆಟ್ ಶುಕ್ರವಾರಕ್ಕೆ ಮುಗಿಯಿತು. ಶನಿವಾರ ಬೇಕಾದವರು ಎಲ್ಲಿಗೆ ಹೋಗಬೇಕು? ಊರಿನಲ್ಲಾದರೆ ಅಣ್ಣತಮ್ಮಂದಿರು, ನೆಂಟರು ಓಡಿ ಬರುತ್ತಾರೆ. ಪರಊರಿನ ಫುಟ್‌ಪಾತಿನಲ್ಲಿರುವವರಿಗೆ ದಾನಿಯನ್ನು ಕರೆತನ್ನಿ ಎಂದರೆ ಯಾರನ್ನು ಕರೆತಂದಾರು?

ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದ ರಕ್ತವನ್ನು ದಾನಿಯ ಮೈಗೇ ಹಿಂತಿರುಗಿಸುವ ವಿಧಾನವಿದೆ. ಒಂದು, ಒಂದೂವರೆ ಗಂಟೆ ಹಿಡಿಯುತ್ತದೆ. ಶಿಬಿರದಲ್ಲಿ ಕೊಡುವಂತೆ ರಕ್ತ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕಾದರೆ, ಪ್ಲೇಟ್‌ಲೆಟ್ ಕೊಟ್ಟವರು ವೈದ್ಯರ ಒಪ್ಪಿಗೆಯಿದ್ದರೆ 48 ಗಂಟೆಗಳ ಮೇಲೆ ಮತ್ತೆ ಕೊಡಬಹುದು. ವರ್ಷಕ್ಕೆ 24 ಸಲ ಎಂಬ ಮಿತಿಯಿದೆ. ಆದ್ದರಿಂದ ನಾನು ಕೇಳುವುದು, ವರ್ಷಕ್ಕೊಂದು ದೊಡ್ಡ ಶಿಬಿರದ ಜೊತೆಗೆ, ಕರೆದಾಗ ಬರುವವರ ಒಂದು ಪಟ್ಟಿ. ಈ ವಾರ ಇಂಥವರು, ಮುಂದಿನ ವಾರ ಇಂಥವರು ಎಂದು ಮೊದಲೇ ಗೊತ್ತುಮಾಡಿದ ಪಟ್ಟಿ. ಇದರಲ್ಲಿ ಬ್ಯಾನರಿಲ್ಲ, ಹಾರವಿಲ್ಲ. ಮಂಗಳವಾರ ಮಧ್ಯಾಹ್ನ ಒಬ್ಬರೇ ಹೋಗಿ ಮಲಗಿ ಎದ್ದು ಬರುವ ಕೆಲಸ.

ಇನ್ನೊಂದು ಮಾತನ್ನು ನೋವಾದರೂ ಆಡಬೇಕು. ಯಾರಾದರೂ ಸಹಾಯಕ್ಕೆ ಬಂದಾಗ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ, “ಯಾವ ಊರು, ಯಾರ ಪೈಕಿ?” ನಮ್ಮ ಜಾತಿ ಸಂಘಗಳು ಮಾಡಿದ ಉಪಕಾರವನ್ನು ನಾನು ಮರೆತಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾದದ್ದು 1902ರಲ್ಲಿ. ಅದೂ ಅದರಂಥ ಸಂಸ್ಥೆಗಳೂ ರಾತ್ರಿಶಾಲೆಗಳನ್ನು ನಡೆಸದಿದ್ದರೆ, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಕಣ್ಣೆಳೆಯುತ್ತಿದ್ದರೂ ಪಾಠ ಓದಿದ ನಮ್ಮ ಹಿರಿಯರು ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆಗುತ್ತಿರಲಿಲ್ಲ. ಆ ಶಾಲೆಗಳನ್ನು ಕಟ್ಟಿದವರು ಕೊಟ್ಟದ್ದು ದಿನವೂ ಸಂಜೆ ಬಂದು ನಿಲ್ಲುವ ಮೇಷ್ಟರನ್ನು. ವರ್ಷಗಟ್ಟಲೆ, ಒಬ್ಬರ ನಂತರ ಒಬ್ಬರನ್ನು. ಕರಾವಳಿಯ ನಮಗೆ ಈ ನಗರದಲ್ಲಿ ಹೇಳಿಕೊಳ್ಳಲು ಭವನಗಳಿವೆ, ಬ್ಯಾಂಕುಗಳಿವೆ, ಪರಿಚಯದ ಡಾಕ್ಟರಿದ್ದಾರೆ. ಯಾದಗಿರಿಯಿಂದಲೋ ದೇವದುರ್ಗದಿಂದಲೋ ಕೂಲಿಗೆ, ಇಲ್ಲವೇ ಚಿಕಿತ್ಸೆಗೆ ಬಂದವರು ಯಾವ ಸಂಘದ ಸದಸ್ಯರೂ ಅಲ್ಲ. ಅವರ ಪೈಕಿ ಯಾರೆಂದು ಕೇಳಿದರೆ ನಾವೇ ಎನ್ನಬೇಕು. ಬೇರೆ ಯಾರೂ ಇಲ್ಲ.

ಅಧ್ಯಕ್ಷರಿಂದ ಚೀಟಿ ಬಂದಿದೆ. ಮನೆಗೆಲಸದವರ ವಿಷಯ, ವೃದ್ಧಾಶ್ರಮಗಳ ವಿಷಯ ಬರೆದುಕೊಂಡು ಬಂದಿದ್ದೆ, ಅವನ್ನು ಬಿಡುತ್ತೇನೆ. ಫೋಟೋದ ಬಗ್ಗೆ ಮಾತ್ರ ಒಂದು ಮಾತು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಕೂದಲು ಉದುರಿದ ಮಗುವಿನ ಕೈಯಲ್ಲಿ ಸೇಬು ಇಟ್ಟು ಫೋಟೋ ತೆಗೆಯುವುದನ್ನು ದಯವಿಟ್ಟು ಇಂದೇ ನಿಲ್ಲಿಸೋಣ. ಆ ಮಗು ನಾಳೆ ಗುಣವಾಗಿ ಶಾಲೆಗೆ ಹೋಗುತ್ತದೆ, ಆ ಚಿತ್ರ ಯಾರ್ಯಾರದೋ ಮೊಬೈಲಿನಲ್ಲಿ ಉಳಿದಿರುತ್ತದೆ.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ನೋಟುಪುಸ್ತಕಗಳನ್ನು ಇಡಿಸಿದ್ದೇನೆ. ಒಂದರಲ್ಲಿ ಪ್ಲೇಟ್‌ಲೆಟ್ ಕೊಡಲು ಸಿದ್ಧರಿರುವವರು ಹೆಸರು, ರಕ್ತದ ಗುಂಪು, ಬಿಡುವಿರುವ ವಾರ ಬರೆಯಬೇಕು. ಇನ್ನೊಂದು ಆಸ್ಪತ್ರೆಯ ಪಾಳಿಗೆ: ವಾರದಲ್ಲಿ ಒಂದು ಬೆಳಗ್ಗೆ, ಎಂಟರಿಂದ ಹನ್ನೊಂದು. ನಿವೃತ್ತರಾದವರು ಹೆಚ್ಚಾಗಿ ಮುಂದೆ ಬಂದರೆ ಕೆಲಸ ಸುಸೂತ್ರವಾಗುತ್ತದೆ. ಸೋಮವಾರಕ್ಕೂ ಶುಕ್ರವಾರಕ್ಕೂ ಈಗಾಗಲೇ ಹೆಸರು ಬಂದಿವೆ, ಬುಧವಾರಕ್ಕೆ ಯಾರೂ ಇಲ್ಲ. ಕಲಬುರಗಿ, ರಾಯಚೂರು ಕಡೆಯ ಮಾತು ಚೆನ್ನಾಗಿ ಬಲ್ಲವರು ಸಭೆಯಲ್ಲಿದ್ದರೆ ಮೊದಲು ಬುಧವಾರವನ್ನು ತೆಗೆದುಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ನಮಸ್ಕಾರ.